ಹಳೇ ಕಾರಿನ ಕಾರ್ಬ್ಯುರೇಟರ್ ಬಿಚ್ಚಿ ಕಟ್ಟಿದ್ದು: ನನ್ನ ಅನುಭವ

ನನ್ನದು ದಿನಾ ಓಡಾಡುವ ಹಳೇ ಪೆಟ್ರೋಲ್ ಕಾರು. ಶೆಡ್ಡಿನಲ್ಲಿ ಹೊದಿಕೆ ಹೊದಿಸಿ ಇಟ್ಟ ಕಾರಲ್ಲ. ಬೆಳಿಗ್ಗೆ ಕೆಲಸಕ್ಕೆ ಕರೆದುಕೊಂಡು ಹೋಗಬೇಕು, ಸಂಜೆ ವಾಪಸ್ ತಂದು ಬಿಡಬೇಕು. ಅದರ ಎಂಜಿನ್ ಮೇಲೆ ಕೂತಿರುವುದು ವೆಬರ್ 32/36 ಕಾರ್ಬ್ಯುರೇಟರ್, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ. ಎರಡು ಬಾಯಿ ಇರುವ, ಗಾಳಿ ಮೇಲಿಂದ ಕೆಳಕ್ಕೆ ಇಳಿಯುವ ಮಾದರಿ. ಹೆಸರಿನಲ್ಲಿರುವ ಅಂಕಿಗಳು ಆ ಬಾಯಿಗಳ ಅಳತೆ: ಮೊದಲನೆಯದು 32 ಮಿ.ಮೀ., ಎರಡನೆಯದು 36 ಮಿ.ಮೀ. ಮಾಮೂಲಿ ಓಡಾಟಕ್ಕೆ ಚಿಕ್ಕ ಬಾಯಿಯೇ ಸಾಕು. ಆಕ್ಸಿಲರೇಟರ್ ಅರ್ಧಕ್ಕಿಂತ ಜಾಸ್ತಿ ಒತ್ತಿದಾಗ ಮಾತ್ರ ದೊಡ್ಡದು ತೆರೆಯುತ್ತದೆ.

ತೊಂದರೆ ಒಂದೇ ದಿನ ಬಂದದ್ದಲ್ಲ. ಮೊದಲು ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಒಂದೇ ಸಮನೆ ಓಡದೆ ಏರಿಳಿಯತೊಡಗಿತು. ಆಮೇಲೆ ಪಿಕಪ್‌ನಲ್ಲಿ ಒಂದು ತಡವರಿಕೆ. ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಏನೂ ಆಗುತ್ತಿರಲಿಲ್ಲ, ಆಮೇಲೆ ತಟ್ಟನೆ ಮುಂದಕ್ಕೆ ಎಳೆಯುತ್ತಿತ್ತು. ಬಿಸಿ ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಲು ಹೋದರೆ ಸತಾಯಿಸುತ್ತಿತ್ತು, ಬಾನೆಟ್ ಎತ್ತಿದರೆ ಪೆಟ್ರೋಲ್ ವಾಸನೆ. ಪ್ಲಗ್ ಬಿಚ್ಚಿದರೆ ಒಣ ಕಪ್ಪು ಮಸಿ. ಮೈಲೇಜ್ ಅಂತೂ ಕಣ್ಣಿಗೆ ಕಾಣುವಷ್ಟು ಇಳಿದಿತ್ತು.

ಇಂಥ ಲಕ್ಷಣ ಹೇಳಿದರೆ ಎಲ್ಲರದೂ ಒಂದೇ ಉತ್ತರ: ಕಾರ್ಬ್ಯುರೇಟರ್ ಹೋಗಿದೆ, ಬೇರೆ ಹಾಕಿಸಿ. ನಾನು ಅದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಹಳೇ ಕಾರುಗಳಲ್ಲಿ ಕಾರ್ಬ್ಯುರೇಟರ್ ತಲೆಗೆ ಕಟ್ಟುವ ಎಷ್ಟೋ ದೂರುಗಳು ಕಿಡಿ ಕೊಡುವ ಇಗ್ನಿಷನ್‌ನಿಂದ ಬಂದಿರುತ್ತವೆ. ಪಾಯಿಂಟ್ ಸವೆದಿದ್ದರೆ, ಟೈಮಿಂಗ್ ಹಿಂದೆ ಸರಿದಿದ್ದರೆ, ಪ್ಲಗ್ ವೈರು ಒಳಗೇ ಸೋರುತ್ತಿದ್ದರೆ ಎಂಜಿನ್ ಇದೇ ರೀತಿ ತಡವರಿಸುತ್ತದೆ. ಅದಕ್ಕೆ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ನಾನು ಪಾಯಿಂಟ್ ಗ್ಯಾಪ್, ಟೈಮಿಂಗ್, ಡಿಸ್ಟ್ರಿಬ್ಯೂಟರ್ ಕ್ಯಾಪ್, ವ್ಯಾಕ್ಯೂಮ್ ಅಡ್ವಾನ್ಸ್, ಟ್ಯಾಪೆಟ್ ಎಲ್ಲ ನೋಡಿಕೊಂಡೆ. ಏರ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್ ಹೊಸದು ಹಾಕಿದೆ. ಕಂಪ್ರೆಷನ್ ಅಳೆದೆ. ಎಲ್ಲ ಸಿಲಿಂಡರುಗಳೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದವು. ಇಷ್ಟಾದ ಮೇಲೂ ತೊಂದರೆ ಹಾಗೇ ಇತ್ತು.

ಮುಂದಿನದು ಎಂಜಿನ್ ಗಾಳಿ ಎಳೆಯುವ ಬಲ ಅಳೆಯುವ ವ್ಯಾಕ್ಯೂಮ್ ಗೇಜ್. ಕಾರ್ಬ್ಯುರೇಟರಿನಿಂದ ಸಿಲಿಂಡರುಗಳಿಗೆ ಮಿಶ್ರಣ ಒಯ್ಯುವ ಮ್ಯಾನಿಫೋಲ್ಡಿಗೆ ಒಂದು ಪೈಪ್ ಸಿಕ್ಕಿಸಿದರೆ ಆಯಿತು. ಆರೋಗ್ಯವಾಗಿರುವ ಎಂಜಿನ್ ನಿಂತಲ್ಲೇ ಓಡುವಾಗ, ಅಂದರೆ ಐಡ್ಲಿಂಗ್‌ನಲ್ಲಿ ಸುಮಾರು 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸುತ್ತದೆ, ಮುಳ್ಳು ಅಲುಗಾಡದೆ ನಿಲ್ಲುತ್ತದೆ. ಎತ್ತರದ ಜಾಗಗಳಲ್ಲಿ ಇದು ಸ್ವಲ್ಪ ಕಡಿಮೆ. ನನ್ನದು ಅದಕ್ಕಿಂತ ಸಾಕಷ್ಟು ಕೆಳಗೆ ನಿಂತಿತ್ತು. ಅಂದರೆ ಎಲ್ಲೋ ಏರ್ ಹಿಡಿಯುತ್ತಿದೆ, ಬೇಡದ ಕಡೆಯಿಂದ ಗಾಳಿ ಒಳಗೆ ನುಗ್ಗುತ್ತಿದೆ. ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿ, ಓಡುತ್ತಿರುವ ಎಂಜಿನ್ನಿನ ಕಾರ್ಬ್ಯುರೇಟರ್ ಬುಡ, ಮ್ಯಾನಿಫೋಲ್ಡ್ ಅಂಚು, ವ್ಯಾಕ್ಯೂಮ್ ಪೈಪುಗಳ ಮೇಲೆ ಒಂದೊಂದಾಗಿ ಚಿಮುಕಿಸಿದೆ. ಕೆಲವರು ಇದಕ್ಕೆ ಕಾರ್ಬ್ಯುರೇಟರ್ ಕ್ಲೀನರ್ ಬಳಸುತ್ತಾರೆ. ಬಿಸಿ ಎಂಜಿನ್ ಮೇಲೆ ಬೆಂಕಿ ಹತ್ತುವ ದ್ರವ ನನಗೆ ಬೇಡ. ನೀರಿನಿಂದಲೇ ಗೊತ್ತಾಗುತ್ತದೆ. ಗಾಳಿಯ ದಾರಿ ತೆರೆದು ಮುಚ್ಚುವ ಥ್ರಾಟಲ್ ಪ್ಲೇಟುಗಳನ್ನು ತಿರುಗಿಸುವ ಕಡ್ಡಿ, ಅಂದರೆ ಥ್ರಾಟಲ್ ಶಾಫ್ಟ್, ಹೊರಗೆ ಬರುವ ತುದಿಯ ಮೇಲೆ ನೀರು ಬಿದ್ದ ತಕ್ಷಣ ಎಂಜಿನ್ ಸದ್ದು ಬದಲಾಯಿತು. ಎಂಜಿನ್ ನಿಲ್ಲಿಸಿ ಶಾಫ್ಟ್ ತುದಿಯನ್ನು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿದೆ. ಆಟ ಕೈಗೆ ಚೆನ್ನಾಗಿಯೇ ಸಿಕ್ಕಿತು.

ಈಗ ಪ್ರಶ್ನೆ, ರಿಪೇರಿಯೋ ಬದಲಿಯೋ. ನಾನು ನೋಡುವುದು ಮೂರು ವಿಷಯ. ಬಾಡಿ ಒಡೆದಿದೆಯಾ? ಸ್ಕ್ರೂ ಕೂರುವ ಥ್ರೆಡ್ಡುಗಳು ಉಳಿದಿವೆಯಾ? ಗ್ಯಾಸ್ಕೆಟ್, ಡಯಾಫ್ರಾಮ್, ಪೆಟ್ರೋಲ್ ಒಳಬರುವ ದಾರಿ ಮುಚ್ಚುವ ನೀಡಲ್ ವಾಲ್ವ್ ಇರುವ ರಿಪೇರಿ ಕಿಟ್ ಸಿಗುತ್ತದೆಯಾ? ಮೂರೂ ಸರಿಯಿದ್ದರೆ ಹಳೆಯದನ್ನೇ ಕಟ್ಟುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಅದರೊಳಗಿನ, ಪೆಟ್ರೋಲ್ ಅಳೆದು ಬಿಡುವ ಸಣ್ಣ ರಂಧ್ರದ ಜೆಟ್‌ಗಳು ಈ ಎಂಜಿನ್ನಿಗೆ ಅಂತಲೇ ಆರಿಸಿದವು. ಹೊಸ ಕಾರ್ಬ್ಯುರೇಟರ್ ಪೆಟ್ಟಿಗೆಯಿಂದ ಬರುವಾಗ ಬೇರೆ ಯಾವುದೋ ಗಾತ್ರದ ಎಂಜಿನ್ನಿಗೆ ಹೊಂದಿಸಿದ ಜೆಟ್ ಇಟ್ಟುಕೊಂಡು ಬರಬಹುದು. ಹೆಸರಿಲ್ಲದ ನಕಲುಗಳಲ್ಲಿ ಜೆಟ್ ಮೇಲೆ ಕೊರೆದ ಅಂಕಿಯನ್ನೂ ನಂಬುವಂತಿಲ್ಲ. ಬಾಡಿ ಸೀಳು ಬಿಟ್ಟಿದ್ದರೆ ಮಾತ್ರ ನಾನು ಬದಲಿಯ ಕಡೆ ಹೋಗುತ್ತಿದ್ದೆ. ಆಗಲೂ ಹಳೇ ಜೆಟ್‌ಗಳ ಅಂಕಿ ಬರೆದಿಟ್ಟುಕೊಂಡೇ ಹೋಗುತ್ತಿದ್ದೆ.

ಇಳಿಸುವ ಕೆಲಸ ಕಷ್ಟವೇನಲ್ಲ. ಎಂಜಿನ್ ಪೂರ್ತಿ ತಣ್ಣಗಾಗಬೇಕು, ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಲ್ಲಿ ಇರಬೇಕು. ಪ್ರತಿ ಪೈಪಿಗೂ ಒಂದು ಚೀಟಿ ಅಂಟಿಸಿ, ಫೋನಿನಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆದುಕೊಂಡೆ. ಬುಡದ ನಾಲ್ಕು ನಟ್ ಬಿಚ್ಚಿ ಎತ್ತಿದ ಕೂಡಲೇ ಮ್ಯಾನಿಫೋಲ್ಡಿನ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿದೆ. ಅದರೊಳಗೆ ಒಂದು ವಾಷರ್ ಬಿದ್ದರೂ ಕೆಲಸ ಹೆಡ್‌ವರೆಗೆ ಹೋಗುತ್ತದೆ.

ಮೇಲಿನ ಮುಚ್ಚಳ ಎತ್ತುವ ಮೊದಲು ಚೋಕ್ ಕಡ್ಡಿಯ ಪುಟ್ಟ ಕ್ಲಿಪ್ ತೆಗೆಯಬೇಕು. ಅದು ಹಾರಿ ಹೋದರೆ ಸಿಗುವುದಿಲ್ಲ, ಹಾಗಾಗಿ ಒಂದು ಬೆರಳು ಅದರ ಮೇಲೇ ಇರಲಿ. ಮುಚ್ಚಳ ತೆಗೆದಾಗ ಕಂಡದ್ದು ಹೀಗಿತ್ತು. ಪೆಟ್ರೋಲ್ ನಿಲ್ಲುವ ತೊಟ್ಟಿ, ಅಂದರೆ ಫ್ಲೋಟ್ ಚೇಂಬರಿನ ತಳದಲ್ಲಿ ಮರಳಿನಷ್ಟು ಸಣ್ಣ ಕಂದು ಪುಡಿ, ಟ್ಯಾಂಕಿನ ತುಕ್ಕು. ಮೂಲೆಗಳಲ್ಲಿ ಬೂದು ಬಿಳಿ ಪದರ. ಗೋಡೆಗಳ ಮೇಲೆ ಪೆಟ್ರೋಲ್ ಒಣಗಿ ಉಳಿದ ಅಂಟು. ಆ ಬಿಳಿ ಪದರ ನೀರಿನ ಗುರುತು. ಈಗಿನ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಕಾರು ನಿಂತಿದ್ದಾಗ ಆ ನೀರು ತಳಕ್ಕೆ ಇಳಿದು ಅಲ್ಯೂಮಿನಿಯಂ, ಸತುವಿನ ಭಾಗಗಳನ್ನು ತಿನ್ನುತ್ತದೆ. ದಿನಾ ಓಡುವ ಕಾರಿನಲ್ಲಿ ಇದು ಕಡಿಮೆ, ಆದರೂ ಇಲ್ಲದಿಲ್ಲ.

ಐಡ್ಲಿಂಗ್ ಹೊತ್ತಿನ ಪೆಟ್ರೋಲ್ ಹೊಂದಿಸುವ ಐಡಲ್ ಮಿಕ್ಸ್ಚರ್ ಸ್ಕ್ರೂ ಬಿಚ್ಚುವ ಮೊದಲು ಅದನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿ, ಕೂರುವವರೆಗೆ ಎಷ್ಟು ಸುತ್ತು ಅಂತ ಎಣಿಸಿದೆ. ಮೂರು ಸುತ್ತಿಗಿಂತ ಜಾಸ್ತಿ ಹೊರಗಿತ್ತು. ಇದು ಎರಡರ ಆಸುಪಾಸಿನಲ್ಲಿ ಇರಬೇಕಾದ ಸ್ಕ್ರೂ. ಈ ಅಂಕಿ ನೋಡಿದಾಗ ಕಾರಿನ ಕಥೆ ನನಗೆ ಅರ್ಥವಾಯಿತು. ಶಾಫ್ಟ್ ಸವೆದು ಬದಿಯಿಂದ ಗಾಳಿ ನುಗ್ಗುತ್ತಿತ್ತು. ಐಡ್ಲಿಂಗ್‌ನಲ್ಲಿ ಮಿಶ್ರಣ ತೆಳ್ಳಗಾಯಿತು. ಅದನ್ನು ಸರಿದೂಗಿಸಲು ಟ್ಯೂನಿಂಗ್ ಹೆಸರಿನಲ್ಲಿ ಸ್ಕ್ರೂ ಹೊರಕ್ಕೆ ಹೊರಕ್ಕೆ ಬಂದಿತ್ತು. ಇನ್ನೊಂದು ಕಡೆ ನೀಡಲ್ ವಾಲ್ವ್ ಸರಿಯಾಗಿ ಮುಚ್ಚದೆ ಪೆಟ್ರೋಲ್ ಮಟ್ಟ ಏರಿ, ಓಡುವಾಗ ಮಿಶ್ರಣ ದಪ್ಪಗಾಗುತ್ತಿತ್ತು. ಹೀಗೆ ಒಂದು ಕಡೆ ಗಾಳಿ ಜಾಸ್ತಿ, ಒಂದು ಕಡೆ ಪೆಟ್ರೋಲ್ ಜಾಸ್ತಿ. ಎರಡು ದೋಷ ಒಂದನ್ನೊಂದು ಮುಚ್ಚಿಕೊಂಡು ಕಾರು ಹೇಗೋ ಓಡುತ್ತಿತ್ತು.

ಬರೀ ರಿಪೇರಿ ಕಿಟ್ ಹಾಕಿದವರು "ಕಿಟ್ ಹಾಕಿದ ಮೇಲೆ ಇನ್ನೂ ಕೆಟ್ಟಿತು" ಅನ್ನುವುದು ಇದಕ್ಕೇ. ಕಿಟ್‌ನಿಂದ ಪೆಟ್ರೋಲ್ ಮಟ್ಟ ಸರಿಯಾಗುತ್ತದೆ, ಆದರೆ ಶಾಫ್ಟ್ ಪಕ್ಕದ ಗಾಳಿ ಹಾಗೇ ಉಳಿಯುತ್ತದೆ. ಇಷ್ಟು ದಿನ ಆ ಗಾಳಿಯನ್ನು ಮುಚ್ಚಿಟ್ಟಿದ್ದ ಹೆಚ್ಚಿನ ಪೆಟ್ರೋಲ್ ಈಗ ಇಲ್ಲ. ಎಂಜಿನ್ ನಿಂತಲ್ಲೇ ಓಡಲು ಒಪ್ಪುವುದೇ ಇಲ್ಲ. ಕಿಟ್ ತಪ್ಪಲ್ಲ, ಕೆಲಸ ಅರ್ಧಕ್ಕೆ ನಿಂತದ್ದು ತಪ್ಪು.

ಜೆಟ್‌ಗಳನ್ನು ಬಿಚ್ಚಿ, ಯಾವುದು ಯಾವ ಜಾಗದ್ದು ಅಂತ ಬರೆದ ಹಾಳೆಯ ಮೇಲೆ ಸಾಲಾಗಿ ಇಟ್ಟೆ. ವೆಬರ್ ಜೆಟ್ ಮೇಲಿನ ಅಂಕಿ ಅದರ ರಂಧ್ರದ ಅಳತೆ, ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ. 140 ಅಂದರೆ 1.40 ಮಿ.ಮೀ. ಐಡಲ್ ಜೆಟ್ 50 ಅಂದರೆ ಬರೀ ಅರ್ಧ ಮಿಲಿಮೀಟರ್. ಅದನ್ನು ಬೆಳಕಿಗೆ ಹಿಡಿದು ನೋಡಿದರೆ ದುಂಡಗೆ ಕಾಣಬೇಕಾದ ಬೆಳಕು ಅರ್ಧಚಂದ್ರವಾಗಿ ಕಂಡಿತು. ಒಂದು ಬದಿಯಲ್ಲಿ ಕಸ ಕಚ್ಚಿಕೊಂಡಿತ್ತು. ಇಂಥ ಕಡೆ ಸೂಜಿ, ಉಕ್ಕಿನ ತಂತಿ ಹಾಕಲೇಬಾರದು. ಹಿತ್ತಾಳೆ ಮೆತ್ತಗೆ, ಒಂದು ಗೀರು ಬಿದ್ದರೂ ಅಳತೆ ಹೋಯಿತು. ಕ್ಲೀನರ್‌ನಲ್ಲಿ ನೆನೆಸಿ, ಗಾಳಿ ಊದಿ, ಆಗಲೂ ಬಿಡದಿದ್ದರೆ ವೈರಿನಿಂದ ತೆಗೆದ ತಾಮ್ರದ ಒಂದೇ ಒಂದು ಎಳೆ. ಅಷ್ಟೇ.

ಬಾಡಿ ತೊಳೆಯುವಾಗ ಮುಖ್ಯವಾದದ್ದು ಹೊರಗಿನ ಹೊಳಪಲ್ಲ, ಒಳಗಿನ ದಾರಿಗಳು. ರಬ್ಬರ್, ಪ್ಲಾಸ್ಟಿಕ್, ಡಯಾಫ್ರಾಮ್ ಎಲ್ಲ ಮೊದಲು ತೆಗೆದಿಟ್ಟು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಪ್ರತಿ ರಂಧ್ರಕ್ಕೂ ಕ್ಲೀನರ್ ಹೊಡೆದೆ. ಹೊಡೆದದ್ದು ಎಲ್ಲಿ ಹೊರಬರುತ್ತದೆ ಅಂತ ನೋಡುತ್ತಾ ಹೋಗಬೇಕು. ಐಡಲ್ ಜೆಟ್ ಕೂರುವ ಜಾಗದಲ್ಲಿ ಹೊಡೆದರೆ ಕೆಳಗೆ ಥ್ರಾಟಲ್ ಪ್ಲೇಟಿನ ಪಕ್ಕದ ಸಣ್ಣ ರಂಧ್ರಗಳಿಂದ ಎಳೆ ಎಳೆಯಾಗಿ ಬರಬೇಕು. ನನ್ನದರಲ್ಲಿ ಅಲ್ಲಿಯ ಒಂದು ರಂಧ್ರ ಪೂರ್ತಿ ಕಟ್ಟಿತ್ತು. ಪಿಕಪ್ ತಡವರಿಕೆಗೆ ಅದೂ ಒಂದು ಕಾರಣ. ನೆನೆಸಿ ಊದಿ, ಮತ್ತೆ ನೆನೆಸಿ ಊದಿ ಅದನ್ನು ಬಿಡಿಸುವುದರಲ್ಲೇ ಉಳಿದ ತೊಳೆಯುವ ಕೆಲಸಕ್ಕಿಂತ ಜಾಸ್ತಿ ಹೊತ್ತು ಹೋಯಿತು. ಆ ಕಡೆಯಿಂದ ಸಣ್ಣ ಚಿಲುಮೆ ಎದ್ದಾಗ ಆದ ಸಂತೋಷ ದೊಡ್ಡದು.

ಶಾಫ್ಟಿನ ಕೆಲಸ ಮನೆಯಲ್ಲಿ ಆಗುವಂಥದ್ದಲ್ಲ. ಬಾಡಿಯ ತೂತನ್ನು ಸರಿಯಾದ ಅಳತೆಗೆ ಕೊರೆದು, ಕಂಚಿನ ಬುಷ್ ಕೂರಿಸಿ, ರೀಮರ್ ಹೊಡೆದು ಶಾಫ್ಟಿಗೆ ಹೊಂದಿಸಬೇಕು. ಎರಡು ಬದಿಯ ಬುಷ್ ಒಂದೇ ನೇರದಲ್ಲಿ ಇಲ್ಲದಿದ್ದರೆ ಥ್ರಾಟಲ್ ಬಿಗಿಯಾಗುತ್ತದೆ. ಅದಕ್ಕೆ ನಾನು ಬಾಡಿ, ಶಾಫ್ಟ್ ಎರಡನ್ನೂ ಲೇತ್ ಕೆಲಸ ಚೆನ್ನಾಗಿ ಬಲ್ಲವರ ಕೈಗೆ ಕೊಟ್ಟೆ. ಪ್ಲೇಟುಗಳನ್ನು ವಾಪಸ್ ಕೂರಿಸುವುದು ಮಾತ್ರ ನಾನೇ ಮಾಡಿದ್ದು. ಸ್ಕ್ರೂ ಸಡಿಲ ಇಟ್ಟು, ಥ್ರಾಟಲ್ ಪೂರ್ತಿ ಮುಚ್ಚಿ, ಪ್ಲೇಟ್ ತಾನಾಗಿ ಮಧ್ಯಕ್ಕೆ ಬರುವಂತೆ ಮೆಲ್ಲಗೆ ತಟ್ಟಿ, ಹಿಂದಿನಿಂದ ಟಾರ್ಚ್ ಹಿಡಿದು ಅಂಚಿನ ಸುತ್ತ ಬೆಳಕು ಒಂದೇ ಸಮನಾಗಿ ಕಾಣುತ್ತದೆಯಾ ನೋಡಿದೆ. ಆಮೇಲೆ ಬಿಗಿದೆ. ಹಳೇ ಸ್ಕ್ರೂ ಮತ್ತೆ ಬಳಸಲಿಲ್ಲ. ಹೊಸದಕ್ಕೆ ಲಾಕ್ ಅಂಟು ಹಾಕಿ, ಹಿಂಬದಿ ತುದಿಯನ್ನು ಪಂಚ್‌ನಿಂದ ಅಗಲಿಸಿದೆ. ಈ ಸ್ಕ್ರೂ ಸಡಿಲವಾಗಿ ಬಿದ್ದರೆ ನೇರ ಸಿಲಿಂಡರಿಗೇ ಹೋಗುತ್ತದೆ. ಇಲ್ಲಿ ಜಾಗ್ರತೆ ಅತಿಯಾಯಿತು ಅನ್ನುವ ಮಾತೇ ಇಲ್ಲ.

ಕಾರ್ಬ್ಯುರೇಟರಿನ ಬುಡ ಸಮತಟ್ಟಾಗಿದೆಯಾ ಅಂತ ದಪ್ಪ ಗಾಜಿನ ಮೇಲೆ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಿದೆ. ನಟ್ ಅತಿಯಾಗಿ ಬಿಗಿದು ಬಿಗಿದು ಮೂಲೆಗಳು ಸ್ವಲ್ಪ ಬಾಗಿದ್ದವು. ಅದೇ ಗಾಜಿನ ಮೇಲೆ 400 ನಂಬರಿನ ಉಜ್ಜು ಕಾಗದ ಹಾಸಿ, ಸ್ವಲ್ಪ ಎಣ್ಣೆ ಬಿಟ್ಟು, ಎಂಟರ ಆಕಾರದಲ್ಲಿ ಉಜ್ಜಿದೆ. ಪೂರ್ತಿ ಮುಖ ಒಂದೇ ಬಣ್ಣಕ್ಕೆ ಬಂದಾಗ ನಿಲ್ಲಿಸಿದೆ.

ಇನ್ನು ಫ್ಲೋಟ್. ಮನೆಯ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಪೆಟ್ರೋಲ್ ಮೇಲೇರಿದಂತೆ ಫ್ಲೋಟ್ ಏರಿ ನೀಡಲ್ ಮುಚ್ಚುತ್ತದೆ. ನನ್ನದು ಹಿತ್ತಾಳೆಯ ಟೊಳ್ಳು ಫ್ಲೋಟ್. ಕಿವಿಯ ಹತ್ತಿರ ಅಲುಗಾಡಿಸಿ ಒಳಗೆ ಪೆಟ್ರೋಲ್ ಇದೆಯಾ ಕೇಳಿದೆ. ಆಮೇಲೆ ಬಿಸಿನೀರಿನಲ್ಲಿ ಮುಳುಗಿಸಿದೆ. ಸೀಳಿದ್ದರೆ ಗುಳ್ಳೆ ಏಳುತ್ತವೆ. ಏಳಲಿಲ್ಲ. ಹಳೇ ನೀಡಲ್ ತುದಿಯಲ್ಲಿ ಮಾತ್ರ ಸುತ್ತ ಒಂದು ಗೆರೆ ಬಿದ್ದಿತ್ತು, ಉಗುರಿಗೆ ತಾಗುವಷ್ಟು. ಬಿಸಿ ಎಂಜಿನ್ ನಿಲ್ಲಿಸಿದ ಮೇಲೆ ಪೆಟ್ರೋಲ್ ಉಕ್ಕುತ್ತಿದ್ದದ್ದು ಇಲ್ಲಿಂದಲೇ. ನೀಡಲ್, ಸೀಟ್ ಎರಡನ್ನೂ ಜೋಡಿಯಾಗಿಯೇ ಬದಲಿಸಿದೆ.

ಫ್ಲೋಟ್ ಎತ್ತರ ಹೊಂದಿಸಲು ಮುಚ್ಚಳವನ್ನು ನೆಟ್ಟಗೆ ನಿಲ್ಲಿಸಿ ಹಿಡಿಯಬೇಕು. ಫ್ಲೋಟಿನ ನಾಲಿಗೆ ನೀಡಲಿಗೆ ಮುಟ್ಟಬೇಕು, ಆದರೆ ನೀಡಲಿನ ತಲೆಯಲ್ಲಿರುವ ಸ್ಪ್ರಿಂಗ್ ಗುಂಡನ್ನು ಒಳಕ್ಕೆ ಒತ್ತಬಾರದು. ಆ ಸ್ಥಿತಿಯಲ್ಲಿ ಮುಚ್ಚಳದ ಮುಖದಿಂದ ಫ್ಲೋಟಿನ ತಳದವರೆಗೆ, ಹಿತ್ತಾಳೆ ಫ್ಲೋಟಿಗೆ 41 ಮಿ.ಮೀ., ಪ್ಲಾಸ್ಟಿಕ್ ಫ್ಲೋಟಿಗೆ 35 ಮಿ.ಮೀ. ನಿಮ್ಮದು ಬೇರೆ ಮಾದರಿಯಾದರೆ ಅದರ ಪುಸ್ತಕದ ಅಂಕಿಯನ್ನೇ ಹಿಡಿಯಿರಿ. ಒಂದೆರಡು ಮಿಲಿಮೀಟರ್ ಅಲ್ವಾ ಅಂತ ಬಿಡಬೇಡಿ. ಈ ಮಟ್ಟ ಏರಿದರೆ ಪೆಟ್ರೋಲ್ ನಳಿಗೆಯ ಬಾಯಿಗೆ ಹತ್ತಿರವಾಗುತ್ತದೆ, ಸ್ವಲ್ಪ ಗಾಳಿ ಎಳೆದರೂ ಸುರಿಯುತ್ತದೆ. ಇಳಿದರೆ ಓಡುವಾಗ ಮಿಶ್ರಣ ತೆಳ್ಳಗಾಗುತ್ತದೆ. ಜೆಟ್ ಬದಲಿಸುವ ಮಾತು ಇದು ಸರಿಯಾದ ಮೇಲೆ.

ಜೋಡಿಸುವಾಗ ಗ್ಯಾಸ್ಕೆಟ್‌ಗಳನ್ನು ಒಣಗಿದ್ದಂತೆಯೇ ಕೂರಿಸಿದೆ. ಕೆಲವರು ಸೋರದಿರಲಿ ಅಂತ ಅಂಟು ಬಳಿಯುತ್ತಾರೆ. ಪೆಟ್ರೋಲ್ ತಾಗಿ ಅದರ ಚೂರು ಎದ್ದು ಜೆಟ್‌ಗೆ ಹೋಗಿ ಕೂರುತ್ತದೆ. ಬೇಡವೇ ಬೇಡ. ಆಕ್ಸಿಲರೇಟರ್ ಒತ್ತಿದ ಕೂಡಲೇ ಪೆಟ್ರೋಲ್ ಚಿಮ್ಮಿಸುವ ಆಕ್ಸಿಲರೇಟರ್ ಪಂಪಿನ ಡಯಾಫ್ರಾಮ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ಹೊಸದು ಹಾಕಿದೆ. ಅದರ ನಾಲ್ಕು ಸ್ಕ್ರೂ ಬಿಗಿಯುವಾಗ ಲಿವರನ್ನು ಒತ್ತಿ ಹಿಡಿದಿದ್ದೆ. ಹಾಗೆ ಮಾಡಿದರೆ ಡಯಾಫ್ರಾಮ್ ಸುಕ್ಕಾಗದೆ ಕೂರುತ್ತದೆ. ಮುಚ್ಚಳ ಹಾಕುವ ಮುಂಚೆ ಚೇಂಬರಿಗೆ ಸ್ವಲ್ಪ ಪೆಟ್ರೋಲ್ ಹಾಕಿ ಥ್ರಾಟಲ್ ತಿರುಗಿಸಿದರೆ ನಳಿಕೆಯಿಂದ ತಡವಿಲ್ಲದೆ, ಮುರಿಯದೆ ಒಂದು ಧಾರೆ ಬರಬೇಕು. ಬಂತು.

ಕಾರಿಗೆ ಏರಿಸುವಾಗ ಕೆಳಗಿನ ಶಾಖ ತಡೆಯುವ ದಪ್ಪ ಸ್ಪೇಸರ್ ಬಿಡಬೇಡಿ. ಅದಿಲ್ಲದಿದ್ದರೆ ಎಂಜಿನ್ನಿನ ಬಿಸಿ ನೇರ ಮೇಲಕ್ಕೆ ಬಂದು ಚೇಂಬರಿನ ಪೆಟ್ರೋಲ್ ಕುದಿಯುತ್ತದೆ. ನಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವಾಗಿ ಬಿಗಿದೆ. ಪೆಟ್ರೋಲ್ ಪೈಪುಗಳನ್ನೆಲ್ಲ ಎಥನಾಲ್ ತಡೆಯುವ ಹೊಸ ಪೈಪಿಗೆ ಬದಲಿಸಿದೆ. ಹಳೆಯವು ಹಿಚುಕಿದರೆ ಬಿರುಕು ತೋರಿಸುತ್ತಿದ್ದವು. ಪಂಪಿನ ಒತ್ತಡವನ್ನೂ ಅಳೆದೆ. ಈ ಕಾರ್ಬ್ಯುರೇಟರಿಗೆ 3.5 ಪಿಎಸ್‌ಐ ಮೇಲೆ ಹೋಗಬಾರದು. ಜಾಸ್ತಿಯಾದರೆ ಹೊಸ ನೀಡಲ್ ಕೂಡ ತಡೆಯಲಾರದು.

ಟ್ಯೂನಿಂಗ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಥ್ರಾಟಲ್ ಪೂರ್ತಿ ಮುಚ್ಚಿದ ಸ್ಥಿತಿಯಿಂದ ಐಡಲ್ ಸ್ಪೀಡ್ ಸ್ಕ್ರೂ ಲಿವರಿಗೆ ತಾಗುವವರೆಗೆ ತಂದು, ಅಲ್ಲಿಂದ ಒಂದು ಸುತ್ತು ಒಳಕ್ಕೆ. ಮಿಕ್ಸ್ಚರ್ ಸ್ಕ್ರೂ ಮೆಲ್ಲಗೆ ಕೂರಿಸಿ ಎರಡು ಸುತ್ತು ಹೊರಕ್ಕೆ. ಇದು ಆರಂಭ. ಎಂಜಿನ್ ಚೆನ್ನಾಗಿ ಬಿಸಿಯಾಗಿ ಚೋಕ್ ಪೂರ್ತಿ ತೆರೆದ ಮೇಲೆ, ಮಿಕ್ಸ್ಚರ್ ಸ್ಕ್ರೂ ಕಾಲು ಸುತ್ತಿನಂತೆ ಒಳಕ್ಕೆ ತಿರುಗಿಸುತ್ತಾ ಬಂದೆ. ಒಂದು ಹಂತದಲ್ಲಿ ಎಂಜಿನ್ ಸುಸ್ತಾಗತೊಡಗುತ್ತದೆ. ಅಲ್ಲಿಂದ ಸ್ವಲ್ಪ ಹೊರಕ್ಕೆ ಬಂದರೆ ಸದ್ದು ಮತ್ತೆ ದುಂಡಗಾಗುತ್ತದೆ. ಅತ್ಯಂತ ಕಡಿಮೆ ಪೆಟ್ರೋಲಿನಲ್ಲಿ ಅತ್ಯಂತ ನಯವಾಗಿ ಓಡುವ ಆ ಜಾಗದಲ್ಲಿ ನಿಲ್ಲಿಸಿದೆ.

ಸ್ಪೀಡ್ ಸ್ಕ್ರೂ ಒಂದೂವರೆ ಸುತ್ತಿಗಿಂತ ಜಾಸ್ತಿ ಒಳಕ್ಕೆ ಹೋಗಬಾರದು. ಅದಕ್ಕೆ ಕಾರಣ ಇದೆ. ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಬರುವುದು ಥ್ರಾಟಲ್ ಪ್ಲೇಟಿನ ಕೆಳಗಿನ ಒಂದು ರಂಧ್ರದಿಂದ. ಮಿಕ್ಸ್ಚರ್ ಸ್ಕ್ರೂ ಹಿಡಿತ ಇರುವುದು ಅದರ ಮೇಲೆ ಮಾತ್ರ. ಪ್ಲೇಟಿನ ಅಂಚಿನ ಸ್ವಲ್ಪ ಮೇಲೆ ಇನ್ನೂ ಕೆಲವು ರಂಧ್ರಗಳಿವೆ. ಆಕ್ಸಿಲರೇಟರ್ ಒತ್ತಿದಾಗ, ದೊಡ್ಡ ಜೆಟ್ (ಮೇನ್ ಜೆಟ್) ಕೆಲಸ ಶುರುಮಾಡುವವರೆಗಿನ ಕೊಂಡಿ ಅವು. ಸ್ಪೀಡ್ ಸ್ಕ್ರೂ ಒತ್ತಿ ಒತ್ತಿ ಐಡ್ಲಿಂಗ್ ಏರಿಸಿದರೆ ಪ್ಲೇಟ್ ಆ ರಂಧ್ರಗಳನ್ನು ಮೊದಲೇ ದಾಟಿಬಿಡುತ್ತದೆ. ಆಮೇಲೆ ಮಿಕ್ಸ್ಚರ್ ಸ್ಕ್ರೂ ಎಷ್ಟು ತಿರುಗಿಸಿದರೂ ಎಂಜಿನ್ ಮಾತು ಕೇಳುವುದಿಲ್ಲ, ಪಿಕಪ್‌ನಲ್ಲಿ ಕೊಂಡಿ ಇಲ್ಲದೆ ತಡವರಿಸುತ್ತದೆ. ಮಿಕ್ಸ್ಚರ್ ಸ್ಕ್ರೂ ಎರಡೂವರೆ ಸುತ್ತು ದಾಟಿದರೆ ಐಡಲ್ ಜೆಟ್ ಚಿಕ್ಕದು, ಇಲ್ಲವೇ ಇನ್ನೂ ಎಲ್ಲೋ ಏರ್ ಹಿಡಿಯುತ್ತಿದೆ. ಒಂದೂವರೆಗಿಂತ ಒಳಗೇ ನಿಂತರೆ ಜೆಟ್ ದೊಡ್ಡದು. ನನ್ನದು ಎರಡಕ್ಕಿಂತ ಚೂರು ಒಳಗೆ ನಿಂತಿತು. ಅದೇ ಜೆಟ್, ಅದೇ ಎಂಜಿನ್. ಬದಲಾದದ್ದು ಶಾಫ್ಟ್ ಪಕ್ಕದ ಗಾಳಿ ನಿಂತದ್ದು, ಕಟ್ಟಿದ್ದ ರಂಧ್ರ ತೆರೆದದ್ದು. ವ್ಯಾಕ್ಯೂಮ್ ಗೇಜಿನ ಮುಳ್ಳು 18ರ ಮೇಲೆ ಅಲುಗದೆ ನಿಂತಿತು.

ಎಥನಾಲ್ ಬೆರೆತ ಪೆಟ್ರೋಲಿಗೆ ಜೆಟ್ ದೊಡ್ಡದು ಮಾಡಬೇಕಾ ಅಂತ ಕೇಳುವವರಿದ್ದಾರೆ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು. 10 ಶೇಕಡ ಎಥನಾಲ್ ಇದ್ದರೆ ಅದು ಸುಮಾರು 14.1. ಅಂದರೆ ಅದೇ ಜೆಟ್‌ನಲ್ಲಿ ಮಿಶ್ರಣ ಸ್ವಲ್ಪ ತೆಳ್ಳಗೆ ಓಡುತ್ತದೆ. ಎಥನಾಲ್ ಪಾಲು ಇನ್ನೂ ಜಾಸ್ತಿಯಾದಷ್ಟೂ ಈ ವ್ಯತ್ಯಾಸ ಬೆಳೆಯುತ್ತದೆ. ನಾನು ಸುಮ್ನೆ ಊಹೆಯ ಮೇಲೆ ಬದಲಿಸಲಿಲ್ಲ. ಒಂದೇ ವೇಗದಲ್ಲಿ ಒಂದಷ್ಟು ದೂರ ಓಡಿಸಿ, ಎಂಜಿನ್ ಆಫ್ ಮಾಡಿ, ಪ್ಲಗ್ ಬಿಚ್ಚಿ ನೋಡಿದೆ. ಪಿಂಗಾಣಿ ತಿಳಿ ಕಂದು ಬಣ್ಣಕ್ಕೆ ಬಂದಿತ್ತು. ಬೆಳ್ಳಗಿದ್ದಿದ್ದರೆ ಮೇನ್ ಜೆಟ್ ಒಂದು ಹೆಜ್ಜೆ ದೊಡ್ಡದು ಹಾಕುತ್ತಿದ್ದೆ. ಬೇಕಾಗಲಿಲ್ಲ.

ಮೈಲೇಜ್ ಹಳೇ ಮಟ್ಟಕ್ಕೆ ಬಂದಿದೆ, ಬಿಸಿ ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಕೆಲವು ದಿನ ಓಡಿಸಿದ ಮೇಲೆ, ಎಂಜಿನ್ ತಣ್ಣಗಿದ್ದಾಗ ಬುಡದ ನಟ್‌ಗಳನ್ನು ಇನ್ನೊಮ್ಮೆ ನೋಡಿದೆ. ಹೊಸ ಗ್ಯಾಸ್ಕೆಟ್ ಬಿಸಿಗೆ ಸ್ವಲ್ಪ ಕೂತಿತ್ತು, ಎರಡು ನಟ್ ಚೂರು ತಿರುಗಿದವು. ಟ್ಯಾಂಕಿನ ತುಕ್ಕಿನ ಕೆಲಸ ಇನ್ನೂ ಬಾಕಿ ಇದೆ. ಅಲ್ಲಿಯವರೆಗೆ ಪಂಪಿನ ಮುಂಚೆ ಒಳಗೆ ಕಾಣುವಂಥ ಒಂದು ಫಿಲ್ಟರ್ ಹಾಕಿದ್ದೇನೆ, ವಾರಕ್ಕೊಮ್ಮೆ ಬಾನೆಟ್ ಎತ್ತಿದಾಗ ಅದರ ತಳದಲ್ಲಿ ಎಷ್ಟು ಕಂದು ಪುಡಿ ಕೂತಿದೆ ಅಂತ ನೋಡುತ್ತೇನೆ.